ಗೋಡೆ ಮಾತ್ರ ಉಳಿದ ಶಾಲೆ

ಮೂರು ದಶಕಗಳ ಕಾಲ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದವನು ನಾನು. ಪರಮಾಣು ವಿದಳನದ ಪಾಠ ಬಂದಾಗಲೆಲ್ಲ ಕಪ್ಪುಹಲಗೆಯ ಮೇಲೆ ಸಮೀಕರಣ ಬರೆದು, ಅದರಡಿಯಲ್ಲಿ ಎರಡು ಗೆರೆ ಎಳೆದು, "ಇದು ಪರೀಕ್ಷೆಗೆ ಖಂಡಿತ ಬರುತ್ತದೆ" ಎನ್ನುತ್ತಿದ್ದೆ. ಆ ಸಮೀಕರಣದ ಹಿಂದೆ ಊರೂ ನದಿಯೂ ಜನರೂ ಇದ್ದಾರೆಂಬುದು ನನಗೆ ಮನದಟ್ಟಾದದ್ದು ನಿವೃತ್ತಿಯ ನಂತರ, 2019ರ ಬೇಸಿಗೆಯಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ.

ಮ್ಯಾನ್‌ಹಟನ್ ಪ್ರಾಜೆಕ್ಟ್ ರಾಷ್ಟ್ರೀಯ ಐತಿಹಾಸಿಕ ಉದ್ಯಾನವೆಂದರೆ ಹೂಗಿಡಗಳ ತೋಟವಲ್ಲ. ಎರಡನೆಯ ಮಹಾಯುದ್ಧದಲ್ಲಿ ಪರಮಾಣು ಬಾಂಬು ರೂಪುಗೊಂಡ ಮೂರು ಗುಪ್ತ ನೆಲೆಗಳನ್ನು ಒಂದೇ ಹೆಸರಿನಡಿ ತಂದು, 2015ರ ನವೆಂಬರ್ 10ರಂದು ಸ್ಥಾಪಿಸಿದ ಸ್ಮಾರಕವದು. ಟೆನೆಸೀ ರಾಜ್ಯದ ಓಕ್ ರಿಜ್‌ನಲ್ಲಿ ಯುರೇನಿಯಂ ಬೇರ್ಪಡಿಸಿದರು. ನ್ಯೂ ಮೆಕ್ಸಿಕೋದ ಲಾಸ್ ಅಲಮೋಸ್‌ನಲ್ಲಿ ಬಾಂಬಿನ ವಿನ್ಯಾಸ ಮಾಡಿದರು. ವಾಷಿಂಗ್‌ಟನ್ ರಾಜ್ಯದ ಹ್ಯಾನ್‌ಫರ್ಡ್‌ನಲ್ಲಿ ಪ್ಲುಟೋನಿಯಂ ತಯಾರಿಸಿದರು. ನಾನು ಕಂಡದ್ದು ಈ ಕೊನೆಯದನ್ನು ಮಾತ್ರ.

ರಿಚ್‌ಲೆಂಡ್ ಪಟ್ಟಣದಿಂದ ಬಸ್ಸಿನಲ್ಲಿ ನಮ್ಮನ್ನು 'ಬಿ ರಿಯಾಕ್ಟರ್'ಗೆ ಕರೆದೊಯ್ದರು. ಗ್ರಾಫೈಟಿನ ಬೃಹತ್ ದಿಮ್ಮಿ, ಅದರ ಮುಖದ ತುಂಬ 2,004 ಕೊಳವೆಗಳ ಬಾಯಿ. ತಂಪಿಗೆ ಕೊಲಂಬಿಯಾ ನದಿಯ ನೀರು. 1944ರ ಸೆಪ್ಟೆಂಬರ್ 26ರಂದು ಎನ್ರಿಕೊ ಫರ್ಮಿಯವರ ಸಮ್ಮುಖದಲ್ಲಿ ಇದು ಚಾಲನೆಗೊಂಡು, ಕೆಲವೇ ಗಂಟೆಗಳಲ್ಲಿ ತಾನಾಗಿಯೇ ನಂದಿಹೋಯಿತು! ವಿದಳನದಿಂದ ಹುಟ್ಟುವ ಕ್ಸೆನಾನ್-135 ಎಂಬ ಅನಿಲ ನ್ಯೂಟ್ರಾನುಗಳನ್ನು ನುಂಗಿಬಿಡುತ್ತಿತ್ತು. ಲೆಕ್ಕದ ಪ್ರಕಾರ 1,500 ಕೊಳವೆಗಳೇ ಸಾಕಿದ್ದವು. ಎಂಜಿನಿಯರುಗಳು ಮುಂಜಾಗ್ರತೆಯಿಂದ ಹೆಚ್ಚುವರಿಯಾಗಿ ಇರಿಸಿದ್ದ 504 ಕೊಳವೆಗಳಿಗೂ ಯುರೇನಿಯಂ ತುಂಬಿದ ಮೇಲೆ ರಿಯಾಕ್ಟರ್ ಪೂರ್ಣ ಬಲದಿಂದ ನಡೆಯಿತು. ಈ ಕಥೆ ಕೇಳಿ ನನ್ನೊಳಗಿನ ಮೇಷ್ಟ್ರು ಹಿಗ್ಗಿದನೆಂದು ಒಪ್ಪಿಕೊಳ್ಳುತ್ತೇನೆ.

ಆ ಹಿಗ್ಗು ಉಳಿದದ್ದು ಒಂದು ದಿನ ಮಾತ್ರ. ಮರುದಿನ ಇನ್ನೊಂದು ಬಸ್ಸು ನಮ್ಮನ್ನು ಯುದ್ಧಪೂರ್ವದ ಹ್ಯಾನ್‌ಫರ್ಡ್ ಊರಿಗೆ ಒಯ್ದಿತು. ಊರೆನ್ನಲು ಅಲ್ಲಿ ಊರಿಲ್ಲ. 1943ರಲ್ಲಿ ಸರ್ಕಾರ ಹ್ಯಾನ್‌ಫರ್ಡ್, ವೈಟ್ ಬ್ಲಫ್ಸ್ ಮುಂತಾದ ಊರುಗಳ ಸುಮಾರು 1,500 ಜನರಿಗೆ ಪತ್ರ ಕಳಿಸಿ ತೆರವು ಮಾಡಿಸಿತು. ಹಲವರಿಗೆ ದೊರೆತ ಅವಧಿ ಒಂದು ತಿಂಗಳಷ್ಟೇ. ಕಾರಣ ತಿಳಿಸಲಿಲ್ಲ. ಹಣ್ಣಿನ ತೋಟಗಳು ಒಣಗಿದವು. ತಲೆತಲಾಂತರದಿಂದ ಅಲ್ಲಿ ಮೀನು ಹಿಡಿಯುತ್ತಿದ್ದ ವಾನಪಮ್ ಮೂಲನಿವಾಸಿಗಳೂ ತಮ್ಮ ನದೀತೀರ ಕಳೆದುಕೊಂಡರು.

ಬಯಲಿನ ನಡುವೆ ಕಾಂಕ್ರೀಟಿನ ಒಂದು ಕಟ್ಟಡ ನಿಂತಿತ್ತು. ಛಾವಣಿಯಿಲ್ಲ, ಕಿಟಕಿಯಿದ್ದ ಕಡೆಯೆಲ್ಲ ಆಕಾಶ. ಅದು ಹ್ಯಾನ್‌ಫರ್ಡ್‌ನ ಪ್ರೌಢಶಾಲೆ! ತರಗತಿಯ ಬಾಗಿಲು ಎಲ್ಲಿತ್ತೋ, ಕಪ್ಪುಹಲಗೆ ಯಾವ ಗೋಡೆಗಿತ್ತೋ ಎಂದು ನನಗರಿವಿಲ್ಲದೆ ಹುಡುಕತೊಡಗಿದೆ. ಆ ಶಾಲೆಯ ಉಪಾಧ್ಯಾಯರು ಕೊನೆಯ ದಿನ ಯಾವ ಪಾಠ ಮಾಡಿದರೋ!

ಈ ನೆಲದ ಪ್ಲುಟೋನಿಯಂ 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಬಿದ್ದಿತು. ಸ್ಫೋಟಕೇಂದ್ರದಿಂದ ಸುಮಾರು 500 ಮೀಟರ್ ದೂರದಲ್ಲಿ ಶಿರೋಯಾಮ ಎಂಬ ಪ್ರಾಥಮಿಕ ಶಾಲೆಯಿತ್ತು. ಅದರ ಸುಮಾರು 1,400 ಮಕ್ಕಳು, ಬಹುಪಾಲು ತಮ್ಮ ಮನೆಗಳಲ್ಲಿದ್ದಾಗಲೇ, ಸತ್ತರೆಂದು ಅಂದಾಜು. ಆ ಶಾಲೆಯ ಕಟ್ಟಡದ ಒಂದು ಭಾಗವನ್ನೂ ಸ್ಮಾರಕವಾಗಿ ಕಾಪಾಡಿದ್ದಾರೆ.

ಮಾನ್ಯ ಓದುಗರೇ, ವಿಜ್ಞಾನವನ್ನು ದೂಷಿಸುವವನು ನಾನಲ್ಲ. ಆದರೆ ಆ ಮೂವತ್ತು ವರ್ಷಗಳಲ್ಲಿ ಒಂದು ದಿನವಾದರೂ ಸಮೀಕರಣದ ಪಕ್ಕದಲ್ಲಿ ಈ ಎರಡು ಶಾಲೆಗಳ ಹೆಸರು ಬರೆಯಬಹುದಿತ್ತು. ಅವು ಪರೀಕ್ಷೆಗೆ ಬರುತ್ತಿರಲಿಲ್ಲ, ನಿಜ. ಈಗಲೂ ತರಗತಿಯಲ್ಲಿರುವ ಕಿರಿಯ ಉಪಾಧ್ಯಾಯ ಮಿತ್ರರಾದರೂ ಬರೆಯಲಿ ಎಂಬುದು ನನ್ನ ಪ್ರಾರ್ಥನೆ.