ಕಡಿಯದ ಕಾಯಿಗೆ ಒಳದಾರಿಯಿಲ್ಲ

ಶ್ರೀರಂಗಪಟ್ಟಣದ ನೆರೆಯ ಬೆಳಗೊಳವೇ ಮೊದಲಾದ ಗ್ರಾಮಗಳಲ್ಲಿ, ಜಗಲಿಯ ಕಲ್ಲಿನ ಮೇಲೆ ಸುಣ್ಣದಿಂದ 25 ಮನೆಗಳನ್ನು ಬರೆದು, ನಾಲ್ಕು ಕವಡೆಗಳನ್ನೋ ಒಂದು ಮೈ ತೇಯ್ದು ಬಿಳುಪುಗೊಳಿಸಿದ ಹುಣಸೆಬೀಜಗಳನ್ನೋ ಎಸೆದು ಆಡುತ್ತ ಬಂದ ಚೌಕಾಬಾರದಲ್ಲಿ, ಕೇವಲ ಗರದ ಕೃಪೆಯಿಂದ ಯಾರೂ ಉನ್ನತಿಗೇರಲಾರರು. ಹೊರಸುತ್ತಿನ 16 ಮನೆಗಳನ್ನು ಬಳಸಿ ಬಂದ ಕಾಯಿಯು, ಎದುರಾಳಿಯ ಒಂದು ಕಾಯನ್ನಾದರೂ ಕಡಿದ ಹೊರತು ಒಳಸುತ್ತಿಗೆ ಪ್ರವೇಶಿಸಲಾಗದು; ಪ್ರವೇಶಿಸದೆ ನಡುಮನೆ ಸೇರಿ ಹಣ್ಣಾಗಲಾಗದು. ಪರಾಕ್ರಮದಿಂದಲೇ ಪದವಿಯೆಂಬ ಈ ನ್ಯಾಯವನ್ನು, 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟವೂ, ರಾಕ್ಷಸವಧೆ ಹಾಗೂ ನಿಧಿಸಂಪಾದನೆಗಳಿಗೆ ಅನುಭವಾಂಕಗಳನ್ನಿತ್ತು, ತನ್ನದೇ ರೀತಿಯಲ್ಲಿ ಅಂಗೀಕರಿಸಿತು.

1794ರಲ್ಲಿ ಶ್ರೀರಂಗಪಟ್ಟಣದಲ್ಲಿಯೇ ಜನಿಸಿದ ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರು ಇಂತಹ ಕ್ರೀಡೆಗಳಲ್ಲಿ ಅತ್ಯಾಸಕ್ತರಾಗಿ, ತಮ್ಮ ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿಯೆಂಬ ಭಾಗವನ್ನು ಅವುಗಳಿಗೇ ಮೀಸಲಿಟ್ಟರು. ಆದರೆ ಅರಮನೆಯ ಗ್ರಂಥಕ್ಕಿಂತ ಅಡುಗೆಮನೆಯ ಶಾಸನವೇ ಹಳ್ಳಿಗಳಲ್ಲಿ ಪ್ರಬಲವೆಂದು ನನಗೆ ತೋರುತ್ತದೆ.

ಒಬ್ಬರ ಮನೆಯಲ್ಲಿ ಒಮ್ಮೆ ಕಡಿದರೆ ನಾಲ್ಕು ಕಾಯಿಗಳಿಗೂ ಒಳದಾರಿ ತೆರೆಯುವುದು. ಮತ್ತೊಬ್ಬರ ಮನೆಯಲ್ಲಿ ಪ್ರತಿ ಕಾಯಿಯೂ ತಾನೇ ಕಡಿಯಬೇಕು. ಮೊದಲನೆಯದರಲ್ಲಿ ಆಟ ಬೇಗ ಮುಗಿಯುವುದು, ಎರಡನೆಯದರಲ್ಲಿ ದೀಪ ಹಚ್ಚುವವರೆಗೂ ಎಳೆಯುವುದು. ನಾಲ್ಕರ ಗರವಾದ ಚೌಕವೋ ಎಂಟರ ಗರವಾದ ಬಾರವೋ ಬಿದ್ದವನಿಗೆ ಮರುಗರ ಲಭಿಸುವುದರಿಂದ, ಅದೃಷ್ಟವಂತನ ನಾಗಾಲೋಟವನ್ನು ತಡೆಯಲೆಂದು, ಸತತ ಮೂರನೆಯ ಸಲ ಬಿದ್ದರೆ ಅಷ್ಟೂ ವ್ಯರ್ಥವೆಂಬ ಕಟ್ಟಳೆಯೂ ಉಂಟು. ಇವನ್ನೆಲ್ಲ ಮೊದಲೇ ಸಾರದಿದ್ದಲ್ಲಿ, ರಜೆಗೆ ಬಂದ ಸೋದರಳಿಯನು ಸೋಲುವ ಹೊತ್ತಿಗೆ ಸರಿಯಾಗಿ, “ನಮ್ಮೂರಲ್ಲಿ ಹಿಂಗಲ್ಲ ಕಣತ್ತೆ” ಎಂದು ತಕರಾರು ತೆಗೆಯುವನು.