ಬೇಲಿಗೂ ಒಂದು ಕಾವಲು

ಬೇಲಿಯೇ ಎದ್ದು ಹೊಲ ಮೇಯ್ದರೆ ಬೆಳೆ ಉಳಿಯುವುದೆಂತು ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಈ ಪ್ರಶ್ನೆ ನಮ್ಮ ಶರೀರಕ್ಕೂ ಸಲ್ಲುತ್ತದೆ. ಹೊರಗಿನಿಂದ ನುಗ್ಗುವ ರೋಗಾಣುಗಳನ್ನು ಕೊಲ್ಲಲು ನಮ್ಮೊಳಗೆ ಒಂದು ಪಡೆಯೇ ಇದೆ. ಅದೇ ರೋಗನಿರೋಧಕ ವ್ಯವಸ್ಥೆ. ಕೊಲ್ಲಬಲ್ಲ ಈ ಪಡೆ ನಮ್ಮ ಅಂಗಾಂಗಗಳ ಮೇಲೆಯೇ ಏಕೆ ಬೀಳುವುದಿಲ್ಲ? ಕೆಲವರಲ್ಲಿ ಬೀಳುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ಒಂದನೇ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶ ಮಾಡುವುದು ಈ ಪಡೆಯೇ. ಹಾಗಾದರೆ ಉಳಿದವರಲ್ಲಿ ಅದನ್ನು ತಡೆದು ನಿಲ್ಲಿಸಿರುವುದು ಯಾವುದು? ಇದರ ಉತ್ತರ ತಿಳಿಯಲು ಸುಮಾರು ಒಂದು ಶತಮಾನವೇ ಹಿಡಿಯಿತು.

20ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಆಡುಗಳಿಗೆ ಬೇರೆ ಆಡುಗಳ ರಕ್ತವನ್ನು ಚುಚ್ಚಿ ನೋಡಿದರು. ಪರಕೀಯ ರಕ್ತಕಣಗಳನ್ನು ಒಡೆಯುವ ಪ್ರತಿಕಾಯಗಳು ಹುಟ್ಟಿದವು. ಆದರೆ ಅವು ಆ ಆಡಿನ ಸ್ವಂತ ರಕ್ತವನ್ನು ಮುಟ್ಟಲಿಲ್ಲ. ತನಗೆ ತಾನೇ ವಿಷವಾಗಲು ಶರೀರ ಅಂಜುತ್ತದೆ ಎಂದು ಎರ್ಲಿಕ್ ಭಾವಿಸಿದರು. ಇದನ್ನು ಬಹಳ ಮಂದಿ ವೈದ್ಯರು ‘ಹಾಗೆ ಆಗುವುದೇ ಇಲ್ಲ’ ಎಂದು ಅರ್ಥಮಾಡಿಕೊಂಡರು. 1956ರಲ್ಲಿ ಲಂಡನ್ನಿನ ಸಂಶೋಧಕರು ಕೆಲವು ಥೈರಾಯ್ಡ್ ರೋಗಿಗಳ ರಕ್ತದಲ್ಲಿ ಅವರದೇ ಗ್ರಂಥಿಯ ವಿರುದ್ಧದ ಪ್ರತಿಕಾಯಗಳನ್ನು ತೋರಿಸಿದಾಗ ಆ ನಂಬಿಕೆ ಸಡಿಲವಾಯಿತು.

1961ರಲ್ಲಿ ಜಾಕ್ ಮಿಲ್ಲರ್ ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯ ಮಹತ್ವವನ್ನು ತೋರಿಸಿಕೊಟ್ಟರು. ಅದುವರೆಗೆ ಯಾರೂ ಲೆಕ್ಕಕ್ಕೆ ಇಡದಿದ್ದ ಈ ಗ್ರಂಥಿಯಲ್ಲಿಯೇ ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಪಳಗುತ್ತವೆ. ಸ್ವಂತ ಶರೀರವನ್ನು ಶತ್ರುವೆಂದು ಭಾವಿಸುವ ಕೋಶಗಳು ಬಹುಪಾಲು ಅಲ್ಲಿಯೇ ಸಾಯುತ್ತವೆ. ಸಮಸ್ಯೆ ಬಗೆಹರಿಯಿತು ಎಂದು ಅನೇಕರು ತಿಳಿದರು.

ಆದರೆ ಒಂದು ತೊಡಕು ಉಳಿದಿತ್ತು. 1969ರಲ್ಲಿ ಜಪಾನಿನ ನಿಶಿಜುಕಾ ಮತ್ತು ಸಕಾಕುರಾ ಹುಟ್ಟಿದ ಮೂರನೆಯ ದಿನ ಹೆಣ್ಣಿಲಿಮರಿಗಳ ಥೈಮಸ್ ತೆಗೆದುಹಾಕಿದಾಗ ಅವುಗಳ ಅಂಡಾಶಯಗಳು ನಾಶವಾದವು. ಸೈನಿಕರ ತರಬೇತಿ ಶಾಲೆಯನ್ನೇ ಮುಚ್ಚಿದರೆ ದಾಳಿ ಕಡಿಮೆಯಾಗಬೇಕಲ್ಲವೆ? ಇಲ್ಲಿ ದಾಳಿ ಹೆಚ್ಚಾಗಿತ್ತು!

ಈ ಒಗಟಿಗೆ ಮನಸೋತವರು ಶಿಮೊನ್ ಸಕಾಗುಚಿ ಎಂಬ ತರುಣ ಸಂಶೋಧಕ. ಆರೋಗ್ಯವಂತ ಇಲಿಗಳ ಟಿ ಕೋಶಗಳನ್ನು ಅವರು ಅಂಥ ಇಲಿಗಳಿಗೆ ಕೊಟ್ಟಾಗ ರೋಗ ತಡೆಯಲ್ಪಟ್ಟಿತು. ಅಂದರೆ ಕಾದಾಡುವ ಕೋಶಗಳ ನಡುವೆಯೇ ಕಾದಾಟ ಬಿಡಿಸುವ ಕೋಶಗಳೂ ಇವೆ ಎಂದಾಯಿತು.

ಆದರೆ ಕಾಲ ಅವರಿಗೆ ಅನುಕೂಲವಾಗಿರಲಿಲ್ಲ. ಅಮೆರಿಕದ ಗರ್ಶನ್ ಮತ್ತು ಕೊಂಡೊ 1970ರಲ್ಲಿಯೇ ಇಂಥ ‘ದಮನಕಾರಿ’ ಕೋಶಗಳ ಮಾತೆತ್ತಿದ್ದರು. ಅನಂತರ ಆ ಕ್ಷೇತ್ರದಲ್ಲಿ ಪುರಾವೆಗಿಂತ ಊಹೆಯೇ ಬೆಳೆಯಿತು. ಆ ಕೋಶಗಳ ಗುರುತೆಂದು ನಂಬಿದ್ದ ವಂಶವಾಹಿ 1980ರ ದಶಕದಲ್ಲಿ ಹೇಳಿದ ಜಾಗದಲ್ಲಿ ಸಿಗಲೇ ಇಲ್ಲ. ವಿಷಯವೇ ಹೆಸರು ಕೆಡಿಸಿಕೊಂಡಿತು. ಅದರ ಸುದ್ದಿ ಎತ್ತುವುದಕ್ಕೇ ವಿಜ್ಞಾನಿಗಳು ಹಿಂಜರಿಯುತ್ತಿದ್ದರು. ಸಕಾಗುಚಿ ಮಾತ್ರ ಕೈಬಿಡಲಿಲ್ಲ. 1995ರಲ್ಲಿ ಅವರು ಸಿಡಿ25 ಎಂಬ ಮೇಲ್ಮೈ ಗುರುತಿನಿಂದ ಆ ಕೋಶಗಳನ್ನು ಬೇರ್ಪಡಿಸಿ ತೋರಿಸಿದರು. ಇಂದು ಅವನ್ನು ನಿಯಂತ್ರಕ ಟಿ ಕೋಶಗಳೆನ್ನುತ್ತೇವೆ.

ಇನ್ನೊಂದು ಸುಳಿವು ಅಮೆರಿಕದ ಓಕ್ ರಿಡ್ಜ್ ಪ್ರಯೋಗಶಾಲೆಯಲ್ಲಿ 1940ರ ದಶಕದಿಂದಲೂ ಕಾದು ಕುಳಿತಿತ್ತು. ಅಲ್ಲಿ ಕೆಲವು ಗಂಡಿಲಿಮರಿಗಳು ಚರ್ಮ ಹೊಟ್ಟೆದ್ದು, ಗುಲ್ಮ ಊದಿಕೊಂಡು ಕೆಲವೇ ವಾರಗಳಲ್ಲಿ ಸಾಯುತ್ತಿದ್ದವು. ಮೇರಿ ಬ್ರಂಕೊ ಮತ್ತು ಫ್ರೆಡ್ ರಾಮ್ಸ್‌ಡೆಲ್ ಇದರ ಮೂಲ ಹುಡುಕಲು ಹೊರಟರು. ಎಕ್ಸ್ ವರ್ಣತಂತುವಿನಲ್ಲಿ ಶೋಧವನ್ನು 20 ವಂಶವಾಹಿಗಳಿಗೆ ಇಳಿಸಿ, ಒಂದೊಂದನ್ನೇ ಪರೀಕ್ಷಿಸಿದರು. ದೋಷ ಸಿಕ್ಕಿದ್ದು ಕೊನೆಯದರಲ್ಲಿ! ಅದರ ಬರಹದಲ್ಲಿ ಕೇವಲ ಎರಡು ಅಕ್ಷರಗಳು ಹೆಚ್ಚಾಗಿ ಸೇರಿಕೊಂಡಿದ್ದವು. 2001ರಲ್ಲಿ ಅದು ‘ಫಾಕ್ಸ್‌ಪಿ3’ ಎಂದು ಪ್ರಸಿದ್ಧವಾಯಿತು. ಹುಟ್ಟಿದ ಕೆಲವೇ ತಿಂಗಳಲ್ಲಿ ತೀವ್ರ ಭೇದಿ, ಚರ್ಮರೋಗ, ಮಧುಮೇಹಗಳಿಂದ ನರಳುವ ಕೆಲವು ಗಂಡುಮಕ್ಕಳಲ್ಲಿಯೂ ಕೆಟ್ಟಿರುವುದು ಇದೇ ವಂಶವಾಹಿ ಎಂಬುದು ಆಗ ತಿಳಿಯಿತು. ನಿಯಂತ್ರಕ ಕೋಶಗಳನ್ನು ರೂಪಿಸುವುದು ಫಾಕ್ಸ್‌ಪಿ3 ಎಂಬುದು 2003ರಲ್ಲಿ ಸ್ಪಷ್ಟವಾಯಿತು. 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಬ್ರಂಕೊ, ರಾಮ್ಸ್‌ಡೆಲ್ ಮತ್ತು ಸಕಾಗುಚಿ ಅವರಿಗೆ ಸಂದಿತು.

ಇದರಿಂದ ರೋಗಿಗೆ ಏನು ಬಂತು ಎಂದು ನೀವು ಕೇಳಬಹುದು. ಬೇರೊಬ್ಬರ ಮೂತ್ರಪಿಂಡ ಪಡೆದವರು ಸಾಮಾನ್ಯವಾಗಿ ಜೀವನಪರ್ಯಂತ ಮಾತ್ರೆ ನುಂಗಬೇಕು. ಆ ಮಾತ್ರೆ ಇಡೀ ಪಡೆಯನ್ನೇ ಮಂಕಾಗಿಸುವುದರಿಂದ ಸೋಂಕಿನ ಭಯ ತಪ್ಪಿದ್ದಲ್ಲ. ಬದಲಿಗೆ ನಿಯಂತ್ರಕ ಕೋಶಗಳನ್ನಷ್ಟೇ ಬಲಪಡಿಸಲಾದೀತೆ ಎಂಬ ಪ್ರಯೋಗಗಳು ನಡೆದಿವೆ. ಕ್ಯಾನ್ಸರಿನಲ್ಲಿ ಕೆಲಸ ಇದಕ್ಕೆ ವಿರುದ್ಧ. ಅನೇಕ ಗೆಡ್ಡೆಗಳು ಈ ಕೋಶಗಳನ್ನೇ ಸುತ್ತ ಕೂಡಿಸಿಕೊಂಡು ರಕ್ಷಣೆ ಪಡೆಯುತ್ತವೆ. ಅಲ್ಲಿ ಅವುಗಳ ಹಿಡಿತವನ್ನು ಸಡಿಲಿಸಬೇಕು.

ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತೇವೆ ಎನ್ನುವ ಪುಡಿ, ಕಷಾಯಗಳ ಜಾಹೀರಾತುಗಳನ್ನು ನಾವು ದಿನವೂ ನೋಡುತ್ತೇವೆ. ಹೆಚ್ಚಾದದ್ದೆಲ್ಲ ಒಳ್ಳೆಯದಲ್ಲ ಎಂಬುದನ್ನು ಈ ಚರಿತ್ರೆ ನೆನಪಿಸುತ್ತದೆ. ಕಾದುವ ಶಕ್ತಿಯಷ್ಟೇ, ಕಾದುವುದನ್ನು ನಿಲ್ಲಿಸುವ ಶಕ್ತಿಯೂ ಆರೋಗ್ಯಕ್ಕೆ ಬೇಕು.