ಕಾರ್ಖಾನೆ ಮುಚ್ಚಿದ ಮೇಲಿನ ಯೆಜ್ಡಿ

ಹಳೆಯ ಜಾವಾ, ಯೆಜ್ಡಿ ಬೈಕ್‌ಗಳನ್ನು ಮನೆಯಂಗಳದಲ್ಲೇ ಬಿಚ್ಚಿ ಮಾರ್ಪಡಿಸುವುದನ್ನು ಬರೀ ಶೋಕಿ ಎನ್ನುವವರು ಅದರ ಇತಿಹಾಸ ಮರೆತಿದ್ದಾರೆ. 1961ರಲ್ಲಿ ಮೈಸೂರಿನಲ್ಲಿ ಇವುಗಳ ತಯಾರಿಕೆ ಶುರುಮಾಡಿದ ಐಡಿಯಲ್ ಜಾವಾ ಕಂಪನಿ 1996ರಲ್ಲಿ ಬಾಗಿಲು ಹಾಕಿತು. ಗಾಡಿಗಳು ಮಾತ್ರ ರಸ್ತೆಯಲ್ಲೇ ಉಳಿದವು. ಕಂಪನಿಯ ಬಿಡಿಭಾಗ ಬರುವುದೇ ನಿಂತಾಗ ಮಾಲೀಕನಿಗೆ ಬೇರೆ ದಾರಿಯೇನಿತ್ತು? ಮಂಕು ದೀಪದ 6 ವೋಲ್ಟ್ ವ್ಯವಸ್ಥೆಯನ್ನು 12ಕ್ಕೆ ಏರಿಸಿದ್ದು, ಪದೇ ಪದೇ ಗ್ಯಾಪ್ ಸರಿಪಡಿಸಬೇಕಾದ ಇಗ್ನಿಷನ್ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸಿದ್ದು ಅಲಂಕಾರಕ್ಕಲ್ಲ, ಓಡಾಟಕ್ಕೆ.

ಮೂಲರೂಪ ಕೆಡುತ್ತದೆಂಬ ಆಕ್ಷೇಪವಿದೆ. ಆದರೆ ಆ ಮೂಲವೇ ಸ್ಥಿರವಾಗಿರಲಿಲ್ಲ: ಜಾವಾದ ಜೆಕ್ ವಿನ್ಯಾಸವನ್ನು ಕಾರ್ಖಾನೆಯೇ ತಿದ್ದುತ್ತ ರೋಡ್‌ಕಿಂಗ್ ಮಾದರಿಯವರೆಗೆ ತಂದಿತು. ಕಾನೂನಿನ ಆಕ್ಷೇಪ ಹೆಚ್ಚು ಗಟ್ಟಿ. ತಯಾರಕರು ನಮೂದಿಸಿದ್ದಕ್ಕೆ ವ್ಯತಿರಿಕ್ತವಾದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ. ಚಾಸಿಸ್ ಕತ್ತರಿಸುವುದನ್ನು ನಾನೂ ಸಮರ್ಥಿಸಲಾರೆ. ವೈರಿಂಗ್ ಸುಧಾರಣೆಯನ್ನೂ ಅದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.